ಚೋಲನ್ನಿನಲ್ಲಿ ಒಂದು ರಸ್ತೆ ದಾಟಿದ್ದು

ಹೋಟೆಲಿನ ಬಾಗಿಲು

ವಿಯೆಟ್ನಾಮಿನ ಸೈಗಾನಿಗೆ ಹೋಗಿ ಬಂದವರೆಲ್ಲ ಮೊದಲು ಸ್ಕೂಟರುಗಳ ಸುದ್ದಿ ಹೇಳುತ್ತಾರೆ. ನಾನೂ ಅದನ್ನೇ ಹೇಳುವವನಿದ್ದೇನೆ. ಅವರು ನಗುತ್ತ ಹೇಳುತ್ತಾರೆ. ನನಗೆ ಹೇಳುವಾಗ ಈಗಲೂ ಅಂಗೈ ಬೆವರುತ್ತದೆ.

ನಾನು ಕುಷ್ಟಗಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಕೆಲವು ವರ್ಷಗಳ ಹಿಂದೆ ಊರ ಮಗ್ಗುಲಿನ ಹೆದ್ದಾರಿ ದಾಟುವಾಗ ಬೈಕೊಂದು ಬಡಿದು ಎಡಗಾಲು ಮುರಿಯಿತು. ಒಳಗೆ ರಾಡು ಹಾಕಿದ್ದಾರೆ. ಕಾಲು ಕೂಡಿತು, ಮನಸ್ಸು ಕೂಡಲಿಲ್ಲ. ಆಮೇಲೆ ನಾನು ಒಬ್ಬನೇ ದೊಡ್ಡ ರಸ್ತೆ ದಾಟಿದ್ದೇ ಇಲ್ಲ. ಎದುರು ಬದಿಗೆ ಹೋಗಬೇಕಾದರೆ ಆಟೋ ಹತ್ತುತ್ತೇನೆ. ಹುಳುಕಿದ್ದರೂ ಬದನೆಕಾಯಿಯನ್ನು ನಮ್ಮ ಬದಿಯ ಅಂಗಡಿಯಲ್ಲೇ ಕೊಳ್ಳುತ್ತೇನೆ. ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಏನೇನು ಮಾತು ನಡೆಯುತ್ತವೆ ಎಂಬುದು ನನಗೆ ಗೊತ್ತಿದೆ. ನನ್ನ ಹೆಂಡತಿ ಗಿರಿಜಾ ಮಾತ್ರ ಒಂದು ದಿನವೂ ಆಡಿಕೊಂಡವಳಲ್ಲ. ಸಂತೆ, ಬ್ಯಾಂಕು, ಮದುವೆ, ಎಲ್ಲಿ ಹೋದರೂ ರಸ್ತೆಯಂಚಿಗೆ ಬಂದಾಗ ಮಾತಿಲ್ಲದೆ ನನ್ನ ರಟ್ಟೆ ಹಿಡಿಯುತ್ತಾಳೆ. ಆ ಬದಿ ಮುಟ್ಟಿದ ಮೇಲೆ ಬಿಡುತ್ತಾಳೆ.

ಇಂಥವನು ಸೈಗಾನಿಗೆ ಹೋಗಿದ್ದು ಗಿರಿಜಾಳ ತಮ್ಮ ಮಲ್ಲಿಕಾರ್ಜುನನಿಂದ. ಅವನದು ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ. ಅಕ್ಕಿ ಮಂದಿಯೆಲ್ಲ ಕೂಡಿ ಮಾಡಿದ ಪ್ರವಾಸದಲ್ಲಿ ಒಂದು ಜೋಡಿ ಕೊನೆಗೆ ಬರುವುದಿಲ್ಲವೆಂದಾಗ ನಮ್ಮನ್ನು ಎಳೆದುಕೊಂಡ. ವಿಮಾನ ನಿಲ್ದಾಣದ ಬಾಗಿಲುಗಳಲ್ಲೆಲ್ಲ ನನ್ನ ಕಾಲಿನ ರಾಡಿಗೆ ಯಂತ್ರ ಕುಂಯ್‌ಗುಟ್ಟಿ, ಪ್ರತಿ ಸಲವೂ ಪ್ಯಾಂಟು ಮಡಚಿ ಹೊಲಿಗೆಯ ಗುರುತು ತೋರಿಸಿದ್ದಾಯಿತು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಮಂಗಳೂರು ಎಂದಿರುವುದನ್ನು ನೋಡಿದ, ಸಾಲಿನಲ್ಲಿ ಪಕ್ಕಕ್ಕಿದ್ದ ಕರಾವಳಿಯವರೊಬ್ಬರು ತುಳುವಿನಲ್ಲಿ ಮಾತಿಗಿಳಿದರು. ನಮ್ಮದು ಯಲಬುರ್ಗಾ ಕಡೆಯ ಮಂಗಳೂರು, ಸಮುದ್ರ ನಾನು ನೋಡಿದ್ದೇ ಎರಡು ಸಲ ಎಂದಾಗ ಅವರಿಗೆ ಮೋಸ ಹೋದಂತೆ ಆಗಿರಬೇಕು.

ಕೊನೆಯ ದಿನ ಉಳಿದವರೆಲ್ಲ ದೋಣಿಯಲ್ಲಿ ನದಿ ನೋಡಲು ಹೊರಟರು. ನನ್ನ ಕಾಲು ಬಾತಿತ್ತು.

"ಮಾಮಾರ, ನೀವಿಬ್ರೂ ಇವತ್ತ ಚೋಲನ್ ನೋಡ್ರಿ. ಚೀನಾ ಮಂದಿಯ ಹಳೇ ಪ್ಯಾಟಿ ಅದು. ಸಾವಕಾಶ ಅಡ್ಡಾಡ್ರಿ, ಸಂಜಿಗೆ ಗುಡಿ ಮುಂದ ನಾನ ಕಾರ್ ತಗೊಂಡು ಬರ್ತೀನಿ," ಎಂದ ಮಲ್ಲಿಕಾರ್ಜುನ.

ಸಾವಕಾಶ ಎಂಬ ಮಾತು ಕೇಳಿ ಗಿರಿಜಾಳ ಮುಖ ಅರಳಿತು. ನಾನು ಹೋಟೆಲಿನ ಗಾಜಿನ ಬಾಗಿಲಿನಾಚೆ ನೋಡಿದೆ. ಸ್ಕೂಟರುಗಳು ಕಾಲುವೆಗೆ ನೀರು ಬಿಟ್ಟ ಹಾಗೆ ಹರಿಯುತ್ತಿದ್ದವು.

ದೇವಿಯ ಗುಡಿ

ಚೋಲನ್ನಿನಲ್ಲಿ ಟ್ಯಾಕ್ಸಿಯವನು ನಮ್ಮನ್ನು ಇಳಿಸಿದ್ದು ಗುಡಿಯ ಎದುರು ಬದಿಯಲ್ಲಿ. ದಿನದ ಮೊದಲ ದಾಟು ಅಲ್ಲೇ ಬಂತು. ಸೀರೆಯ ಕೆಳಗೆ ಬಿಳಿ ಬೂಟು ಹಾಕಿದ್ದ ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ರಟ್ಟೆ ಹಿಡಿದಳು.

"ಓಡಬ್ಯಾಡ್ರಿ, ನಡುವ ನಿಂದರಬ್ಯಾಡ್ರಿ. ಒಂದ ಸಮ ನಡೀರಿ. ಅವರ ನಮ್ಮನ್ನ ತಪ್ಪಿಸಿಕೊಂಡು ಹೋಗ್ತಾರಂತ. ಗೈಡ್ ಹೇಳಿದ್ದು ಕೇಳಲಿಲ್ಲೇನು?"

ಕೇಳಿದ್ದೆ. ಆದರೆ ಆ ದೇಶದಲ್ಲಿ ವಾಹನಗಳು ಬಲಗಡೆ ಓಡುತ್ತವೆ. ಮೊದಲು ಬಲಕ್ಕೆ ನೋಡಿ ಎಂದು ಮಕ್ಕಳಿಗೆ ಹೇಳಿಕೊಡುತ್ತ ಬಂದ ತಲೆ ಬಲಕ್ಕೇ ತಿರುಗುತ್ತದೆ. ಗಾಡಿ ಬರುವುದು ಎಡದಿಂದ. ನಾನು ಕಣ್ಣು ಮುಚ್ಚಿದೆ.

"ಕಣ್ಣ ಮುಚ್ಚಿದ್ರೇನ್ರಿ?" ಎಂದಳು ನಡೆಯುತ್ತಲೇ.

"ಇಲ್ಲ," ಎಂದೆ. ಹಾರ್ನುಗಳು ಕಿವಿಯ ಎಡಕ್ಕೂ ಬಲಕ್ಕೂ ಸರಿದು ಹೋದವು. ಕಾಲಿಗೆ ಪಾದಚಾರಿ ಕಟ್ಟೆ ತಾಗಿದಾಗ ಕಣ್ಣು ತೆರೆದೆ.

ಆ ಗುಡಿ ಕಡಲಿನ ದೇವಿಯದು. ದೋಣಿಯಲ್ಲಿ ಚೀನಾ ದೇಶದಿಂದ ಬಂದವರು, ಮುಳುಗದೆ ದಡ ಮುಟ್ಟಿಸಿದ್ದಕ್ಕೆ ಕಟ್ಟಿದ್ದಂತೆ. ಮೇಲಿನಿಂದ ಊದುಬತ್ತಿಯ ದೊಡ್ಡ ದೊಡ್ಡ ಸುರುಳಿಗಳನ್ನು ತೂಗುಬಿಟ್ಟಿದ್ದರು. ಒಂದೊಂದರಲ್ಲೂ ಹರಕೆ ಹೊತ್ತವರ ಹೆಸರಿನ ಚೀಟಿ. ಬೂದಿ ಸಣ್ಣಗೆ ಉದುರುತ್ತ ಎಲ್ಲರ ತಲೆಯ ಮೇಲೂ ಕೂರುತ್ತಿತ್ತು. ಯಾರೂ ಕೊಡವಿಕೊಳ್ಳುತ್ತಿರಲಿಲ್ಲ. ಗಿರಿಜಾ ಬೂಟು ಬಿಚ್ಚಲು ಹೋದಳು. ಅಲ್ಲಿ ಎಲ್ಲರೂ ಚಪ್ಪಲಿಯಲ್ಲೇ ಒಳಗಿದ್ದರು. ಆದರೂ ಅವಳಿಗೆ ಮನಸ್ಸು ಒಪ್ಪದೆ ಬೂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಕೈ ಮುಗಿದಳು. ಮುಗಿದು ತಲೆ ಎತ್ತುವಾಗ ಕಂಬ ಹಿಡಿದುಕೊಂಡಳು.

"ಏನಾತು?"

"ಹೊಗಿ ಭಾಳ ಐತಿ," ಎಂದಳು.

ನಾನು ಅಷ್ಟಕ್ಕೇ ಬಿಟ್ಟೆ. ನನ್ನ ತಲೆಯಲ್ಲಿ ಆಗಲೇ ಹೊರಗಿನ ರಸ್ತೆ ಓಡುತ್ತಿತ್ತು.

ಚಾಯ್ ಎಂಬ ಬೋರ್ಡು

ಹೊರಗೆ ಬಂದು ಗಲ್ಲಿಗಳಲ್ಲಿ ಅಡ್ಡಾಡಿದೆವು. ಗಲ್ಲಿಯಲ್ಲಿ ನಾನು ಸಾಕಷ್ಟು ಧೈರ್ಯವಂತ. ಒಂದು ಬೀದಿಯ ತುಂಬ ಕಾಗದದ ದೀಪಗಳು, ಇನ್ನೊಂದರ ತುಂಬ ಬರೀ ಗುಂಡಿ ಮತ್ತು ದಾರ. ಅಕ್ಕಿ ಅಂಗಡಿಯೊಂದರಲ್ಲಿ ಬಗೆಬಗೆಯ ಅಕ್ಕಿಯನ್ನು ಗೋಪುರದಂತೆ ರಾಶಿ ಮಾಡಿದ್ದರು. ಗಿರಿಜಾ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಛಲೋ ಅದಾವ, ಖರೇ ನಮ್ಮ ಸೋನಾದ ವಾಸನಿ ಇಲ್ಲ," ಎಂದು ತವರಿನ ಕಡೆ ತೀರ್ಪು ಕೊಟ್ಟಳು. ಅಲ್ಲಿಯ ಹೆಂಗಸರು ಹೂವಿನ ಚಿತ್ರದ ಅಂಗಿ, ಅದೇ ಬಟ್ಟೆಯ ಪೈಜಾಮ ತೊಟ್ಟು ಮಾರುಕಟ್ಟೆಗೆ ಬರುತ್ತಾರೆ. ನಮ್ಮಲ್ಲಿ ನೈಟಿಯ ಮೇಲೊಂದು ಟವೆಲ್ಲು ಹೊದ್ದು ಹಾಲು ತರಲು ಹೋಗುವ ಹಾಗೆಯೇ, ಯಾವ ಸಂಕೋಚವೂ ಇಲ್ಲ.

ನಮ್ಮಿಬ್ಬರ ಹೊಟ್ಟೆಯ ಚಿಂತೆ ಬೇರೆ ಇತ್ತು. ನಾವು ಸಸ್ಯಾಹಾರಿಗಳು, ಆ ಬೀದಿಗಳಲ್ಲೋ ಏನು ಕುದಿಯುತ್ತಿದೆ ಎಂದು ಬಗ್ಗಿ ನೋಡಿದರೆ ಹಸಿವೆಯೇ ಹೋಗುತ್ತಿತ್ತು. ಅಷ್ಟರಲ್ಲಿ ಗಿರಿಜಾ ಒಂದು ಬೋರ್ಡು ತೋರಿಸಿದಳು. ಇಂಗ್ಲಿಷಿನಂಥ ಅಕ್ಷರದಲ್ಲಿ ಚಾಯ್ ಎಂದು ಬರೆದಿತ್ತು.

"ನೋಡ್ರಿ, ಚಾ ಐತಿ! ಚಾ ಜೋಡಿ ಬಿಸ್ಕೀಟರ ಸಿಗ್ತಾವ."

ಒಳಗೆ ಹೋಗಿ ಕೂತು ಎರಡು ಬೆರಳು ತೋರಿಸಿ "ಚಾಯ್" ಎಂದೆವು. ಅಂಗಡಿಯವಳು ಖುಷಿಯಿಂದ ತಲೆಯಾಡಿಸಿ ಹೋದಳು. ಬಂದದ್ದು ಚಹಾ ಅಲ್ಲ, ಎರಡು ತಟ್ಟೆ ಅನ್ನ. ಮೇಲೆ ಕೆಂಪಗೆ ಹುರಿದ ಮಾಂಸದ ತುಂಡುಗಳು. ನಾವು ಗಾಬರಿಯಾಗಿ ತಟ್ಟೆ ಹಿಂದೆ ಸರಿಸಿದೆವು. ಅವಳು ಮತ್ತೆ ಮುಂದೆ ಸರಿಸಿದಳು. "ಚಾಯ್, ಚಾಯ್," ಎಂದು ಗೋಡೆಯ ಮೇಲಿನ ಬುದ್ಧನ ಪಟ ತೋರಿಸಿದಳು. ಗಿರಿಜಾ ಚೀಲದಿಂದ ಫೋನು ತೆಗೆದಳು. ವಿದೇಶಿ ಸಿಮ್ ಇದ್ದದ್ದು ಅವಳ ಫೋನಿನಲ್ಲಿ ಮಾತ್ರ. ಮಾತನ್ನು ಕನ್ನಡ ಮಾಡಿ ಹೇಳುವ ಸೌಲಭ್ಯ ಅದರಲ್ಲಿತ್ತು. ಅಂಗಡಿಯವಳು ಅದರ ಮುಂದೆ ಬಾಗಿ ಏನೋ ಅಂದಳು. ಫೋನಿನ ಹೆಣ್ಣುದನಿ, "ಇಲ್ಲಿ ಯಾವ ಪ್ರಾಣಿಯೂ ಇಲ್ಲ, ಎಲ್ಲವೂ ಹುರುಳಿ," ಎಂದಿತು.

ಅಲ್ಲಿಯ ಮಾತಿನಲ್ಲಿ ಚಾಯ್ ಎಂದರೆ ಸಸ್ಯಾಹಾರವಂತೆ. ಮಾಂಸದಂತೆ ಕಂಡದ್ದು ಸೋಯಾಬೀನು. ನಾನು ತಿಂದೆ. ಗಿರಿಜಾಳಿಗೆ ಅದರ ಆಕಾರ ನೋಡಿ ಗಂಟಲಲ್ಲಿ ಇಳಿಯಲಿಲ್ಲ. ಎರಡು ತುತ್ತು ಬಿಳಿ ಅನ್ನ ಕಲಸಿ ಬಿಟ್ಟಳು. ಅದನ್ನೂ ನಾನು ನೋಡಿದೆ, ನೋಡಿ ನನ್ನ ತಟ್ಟೆ ಮುಗಿಸಿದೆ.

ರಸ್ತೆಯ ಈ ಬದಿ

ಮಧ್ಯಾಹ್ನದ ಬಿಸಿಲಿಗೆ ಚೋಲನ್ ಮಲಗುತ್ತದೆ. ಅಂಗಡಿಯವರು ಗಲ್ಲಾದ ಹಿಂದೆ ಬಟ್ಟೆಯ ಜೋಲಿ ಕಟ್ಟಿಕೊಂಡು ಅದರಲ್ಲಿ ಮಲಗಿ ತೂಗಾಡುತ್ತಾರೆ. ಒಬ್ಬಾತ ನಿಲ್ಲಿಸಿದ ಬೈಕಿನ ಮೇಲೆಯೇ ಅಂಗಾತ ಮಲಗಿ, ಕಾಲನ್ನು ಹ್ಯಾಂಡಲಿನ ಮೇಲಿಟ್ಟು ಗೊರಕೆ ಹೊಡೆಯುತ್ತಿದ್ದ. ಮಲಗದಿರುವುದು ದೊಡ್ಡ ರಸ್ತೆಯ ವಾಹನಗಳು ಮಾತ್ರ.

ನಾವು ಆ ದೊಡ್ಡ ರಸ್ತೆಯ ಅಂಚಿನಲ್ಲಿ ಒಬ್ಬ ಮುದುಕಿಯ ಕಾಫಿ ಗಾಡಿಯ ಮುಂದೆ ಕೂತೆವು. ಕೂರಲು ಅಂಗನವಾಡಿ ಮಕ್ಕಳಿಗೆ ಸರಿಯಾಗುವಂಥ ಪ್ಲಾಸ್ಟಿಕ್ಕಿನ ಕುಳ್ಳು ಸ್ಟೂಲುಗಳು. ನನ್ನ ರಾಡಿನ ಕಾಲು ಮಡಚದೆ ರಸ್ತೆಯ ಕಡೆ ಚಾಚಿಕೊಂಡಿತು. ಗ್ಲಾಸಿನ ಮೇಲಿಟ್ಟ ಫಿಲ್ಟರಿನಿಂದ ಕರೀ ಕಾಫಿ ತೊಟ್ಟು ತೊಟ್ಟಾಗಿ ಗಟ್ಟಿಹಾಲಿನ ಮೇಲೆ ಇಳಿಯುವುದನ್ನು ಕಾಯಬೇಕು. ಕಾಫಿಯ ಜೊತೆ ಕೇಳದೆಯೇ ತಣ್ಣನೆಯ ತಿಳಿ ಚಹಾ ಇಡುತ್ತಾರೆ, ನಮ್ಮ ಖಾನಾವಳಿಯಲ್ಲಿ ನೀರಿನ ಗ್ಲಾಸು ಇಟ್ಟಂತೆ.

ಎದುರು ಬದಿಯಲ್ಲಿ ಗಿಡಮೂಲಿಕೆಯ ಅಂಗಡಿಗಳ ಸಾಲಿತ್ತು. ಅದರ ವಾಸನೆ ರಸ್ತೆ ದಾಟಿ ಬರುತ್ತಿತ್ತು. ನಮ್ಮ ಗ್ರಂಥಿಗೆ ಅಂಗಡಿಯದೇ ವಾಸನೆ.

"ಅಲ್ಲಿ ದಾಲ್ಚಿನ್ನಿ ಐತಿ ನೋಡ್ರಿ, ಮಾರುದ್ದ ಅದಾವ. ಬಾಜೂ ಮನಿ ಅಕ್ಕಾರು ತಾ ಅಂದಿದ್ರು. ನೀವು ಕಾಲ ಚಾಚಿ ಕುಂದರ್ರಿ, ನಾ ತಗೊಂಡು ಬರ್ತೀನಿ," ಎಂದು ಗಿರಿಜಾ ಎದ್ದಳು.

"ಒಬ್ಬಾಕಿನ?"

"ಮತ್ತ, ನಿಮ್ಮನ್ನ ಎಳಕೊಂಡು ಹೋಗಿ ಎಳಕೊಂಡು ಬರ್ಲೇನು?" ನಕ್ಕಳು. ನೀಲಿ ಸೀರೆ, ಬಿಳಿ ಬೂಟು ಸ್ಕೂಟರುಗಳ ನಡುವೆ ಒಂದೇ ಸಮನೆ ಸಾಗಿ ಆ ಬದಿ ಸೇರಿದವು. ಅಂಗಡಿಯ ಮುಂದೆ ಬಾಗಿ ಏನನ್ನೋ ಮೂಸಿ ನೋಡಿದಳು. ಆಮೇಲೆ ಒಳಗೆ ಹೋದಳು.

ನಾನು ಕಾಫಿ ಮುಗಿಸಿದೆ. ಚಹಾ ಮುಗಿಸಿದೆ. ಮುದುಕಿ ಮತ್ತೆ ಚಹಾ ತುಂಬಿದಳು, ಅದನ್ನೂ ಮುಗಿಸಿದೆ. ಗಿರಿಜಾ ಹೊರಗೆ ಬರಲಿಲ್ಲ.

ಚೌಕಾಸಿ ಮಾಡುತ್ತಿರಬೇಕು ಎಂದುಕೊಂಡೆ. ಬೇರೆ ಅಂಗಡಿಗೆ ಹೋಗಿರಬೇಕು. ಹಿಂದೆ ಇನ್ನೊಂದು ಬಾಗಿಲಿದ್ದರೆ? ಚೀಲ ಕಸಿದುಕೊಳ್ಳುವವರಿದ್ದಾರೆ, ಹುಷಾರು ಎಂದು ಗೈಡ್ ಹೇಳಿದ್ದು ನೆನಪಾಯಿತು. ಫೋನು ಅವಳ ಹತ್ತಿರ, ಪಾಸ್‌ಪೋರ್ಟು ಅವಳ ಹತ್ತಿರ, ಹೋಟೆಲಿನ ಹೆಸರು ಬರೆದ ಕಾರ್ಡು ಅವಳ ಹತ್ತಿರ. ನನ್ನ ಹತ್ತಿರ ಕರವಸ್ತ್ರವಿತ್ತು.

ಆಗ ಅಂಗಡಿಯಿಂದ ಹೂವಿನ ಪೈಜಾಮದ ಹೆಂಗಸೊಬ್ಬಳು ಓಡಿಬಂದು ರಸ್ತೆಯಂಚಿನಲ್ಲಿ ನಿಂತಳು. ಅತ್ತ ಇತ್ತ ನೋಡಿದಳು. ನನ್ನನ್ನು ಕಂಡು ಎರಡೂ ಕೈ ಎತ್ತಿ ಬೀಸತೊಡಗಿದಳು. ಅವಳ ಒಂದು ಕೈಯಲ್ಲಿ ಗಿರಿಜಾಳ ಬಿಳಿ ಬೂಟಿತ್ತು.

ನಾನು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ರಸ್ತೆಯಂಚಿಗೆ ಹೋದೆ. ಒಂದು ಕಾಲು ಕೆಳಗಿಟ್ಟೆ. ಸ್ಕೂಟರೊಂದು ಅಂಗಿಯ ತುದಿ ಸವರಿಕೊಂಡು ಹೋಯಿತು. ಕಾಲು ಮೇಲೆ ತೆಗೆದೆ. ಸಿಗ್ನಲ್ಲಿಗಾಗಿ ನೋಡಿದೆ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಒಂದೂ ಇರಲಿಲ್ಲ. ಬೈಕಿನ ಮೇಲೆ ಮಲಗಿದ್ದವನ ಬಳಿ ಓಡಿ ಅವನನ್ನು ಅಲುಗಾಡಿಸಿ, ಆ ಕಡೆ ಬಿಡಪ್ಪ ಎಂದು ಕನ್ನಡದಲ್ಲೇ ಕೈಮುಗಿದು ಬೇಡಿದೆ. ಅವನು ಕಣ್ಣು ಬಿಟ್ಟು, ಎದುರಿನ ಅಂಗಡಿ ನೋಡಿ, ನನ್ನ ಮುಖ ನೋಡಿ, ತಮಾಷೆಯೆಂದು ತಿಳಿದು ನಕ್ಕ. ಮತ್ತೆ ಕಣ್ಣು ಮುಚ್ಚಿದ.

ನಾಚಿಕೆಯಾಯಿತು. ನಾಚಿಕೆಗಿಂತ ಸಿಟ್ಟು ಬಂತು, ನನ್ನ ಮೇಲೆಯೇ. ಹತ್ತು ಮಾರು ಆಚೆ ಹೆಂಡತಿಗೆ ಏನೋ ಆಗಿದೆ, ನಾನಿಲ್ಲಿ ಆಟೋ ಹುಡುಕುತ್ತಿದ್ದೇನೆ.

ಆಗ ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆ ಇದ್ದಷ್ಟೇ ಇತ್ತು. ನಾನು ಇಳಿದೆ ಅಷ್ಟೆ. ಎಡಕ್ಕೆ ನೋಡು, ಎಡಕ್ಕೆ ನೋಡು ಎಂದು ಬಾಯಲ್ಲೇ ಅಂದುಕೊಳ್ಳುತ್ತ ನಡೆದೆ. ಸ್ಕೂಟರುಗಳು ಮೈಮೇಲೆ ಬಂದೇಬಿಟ್ಟವು ಅನ್ನುವಾಗ ಮುಂದೆ ಕೆಲವು, ಹಿಂದೆ ಕೆಲವು ಸೀಳಿಕೊಂಡು ಹೋದವು. ನಡುವಿನ ಹಳದಿ ಗೆರೆಯ ಮೇಲೆ ನಿಂತುಬಿಟ್ಟೆ. ನಿಂತಿದ್ದೇ ತಪ್ಪಾಯಿತು. ಒಂದೇ ಸ್ಕೂಟರಿನ ಮೇಲೆ ಇಬ್ಬರು ದೊಡ್ಡ ಗಾಜೊಂದನ್ನು ಅಡ್ಡ ಹಿಡಿದುಕೊಂಡು ಬಂದವರು ನಾನು ನಡೆಯುತ್ತೇನೆಂದು ಲೆಕ್ಕ ಹಾಕಿದ್ದರು; ನಿಂತಿದ್ದು ನೋಡಿ ಓಲಾಡಿದರು. ಆ ಗಾಜಿನಲ್ಲಿ ನನ್ನದೇ ಮುಖ ಒಂದು ಕ್ಷಣ ಹಾದುಹೋಯಿತು, ಬಾಯಿ ತೆರೆದುಕೊಂಡಿತ್ತು. ಸುತ್ತ ಹಾರ್ನುಗಳು ಎದ್ದವು. ಗಿರಿಜಾ, ಗಿರಿಜಾ ಎಂದು ಎರಡು ಸಲ ಅಂದೆ. ಮತ್ತೆ ನಡೆದೆ.

ಆ ಬದಿಯ ಕಟ್ಟೆ ಹತ್ತಿದಾಗ ಹೂವಿನ ಪೈಜಾಮದವಳು ನನ್ನ ಕೈ ಹಿಡಿದು ಒಳಗೆ ಎಳೆದೊಯ್ದಳು.

ಆ ಬದಿ

ಅಂಗಡಿಯ ಹಿಂಭಾಗದಲ್ಲಿ ಬೇರು, ನಾರು, ಒಣಗಿದ ಹಲ್ಲಿಗಳ ಡಬ್ಬಿಗಳ ನಡುವೆ ಚಾಪೆಯ ಮೇಲೆ ಗಿರಿಜಾಳನ್ನು ಬೋರಲು ಮಲಗಿಸಿದ್ದರು. ಹಿರಿಯ ಹೆಂಗಸೊಬ್ಬಳು ಅವಳ ಕುತ್ತಿಗೆಯ ಹಿಂದೆ ಯಾವುದೋ ಎಣ್ಣೆ ಹಚ್ಚಿ, ಲೋಹದ ಚಮಚದಿಂದ ಗಸಗಸ ಕೆರೆಯುತ್ತಿದ್ದಳು. ಕುತ್ತಿಗೆಯಿಂದ ಭುಜದವರೆಗೆ ಕೆಂಪಗೆ ಬರೆ ಎದ್ದಿದ್ದವು.

"ಏ, ಏನ್ ಮಾಡಾಕತ್ತೀರಿ! ಬಿಡ್ರಿ ಆಕಿನ್ನ!" ಎಂದು ಕೂಗಿದೆ.

"ಕೂಗಬ್ಯಾಡ್ರಿ," ಎಂದಿತು ಚಾಪೆಯ ಮೇಲಿನ ದನಿ. ಸಣ್ಣಗಿತ್ತು, ಆದರೆ ಗಿರಿಜಾಳದೇ. "ಆರಾಮ ಅನಸಾಕತ್ತೈತಿ. ಕೆರೀಲಿ ಬಿಡ್ರಿ."

ನಾನು ಅವಳ ತಲೆಯ ಹತ್ತಿರ ಕುಸಿದು ಕೂತೆ. ಪೈಜಾಮದವಳು ಗಿರಿಜಾಳ ಫೋನನ್ನು ಬಾಯಿಯ ಹತ್ತಿರ ಹಿಡಿದು ಏನೋ ಹೇಳಿ ನನ್ನ ಕಡೆ ಚಾಚಿದಳು. ಫೋನು ಹೇಳಿತು: "ನಿಮ್ಮ ಹೆಂಡತಿಗೆ ಗಾಳಿ ಹೊಡೆದಿದೆ. ನಾವು ಗಾಳಿ ತೆಗೆಯುತ್ತಿದ್ದೇವೆ."

ಅಲ್ಲಿಯವರು ತಲೆಸುತ್ತಿಗೂ ಜ್ವರಕ್ಕೂ ಗಾಳಿ ಹೊಡೆದಿದೆ ಎಂದೇ ಅನ್ನುತ್ತಾರೆ, ಹೀಗೆ ಕೆರೆದು ತೆಗೆಯುತ್ತಾರೆ ಎಂಬುದು ಆಮೇಲೆ ತಿಳಿಯಿತು. ನಮ್ಮ ಊರ ಕಡೆ ಗಾಳಿ ಎಂದರೆ ದೆವ್ವ. ಬೋರಲು ಮಲಗಿದ್ದ ಗಿರಿಜಾಳ ಬೆನ್ನು ಅಲುಗಾಡಿತು. ಅಳುತ್ತಿದ್ದಾಳೆಂದು ಬಗ್ಗಿ ನೋಡಿದರೆ ನಗುತ್ತಿದ್ದಳು.

"ಕೇಳಿದ್ರಿಲ್ಲೋ? ನನಗ ಗಾಳಿ ಬಡದೈತಂತ. ಇಷ್ಟ ದೂರ ಬಂದು ಚೀನಾ ಗಾಳಿ." ನಗು ನಿಂತಿತು. ತಲೆ ಪಕ್ಕಕ್ಕೆ ಹೊರಳಿಸಿ ನನ್ನ ಮುಖ ನೋಡಿದಳು. "ಅಲ್ಲ, ನೀವು ಹೆಂಗ ಬಂದ್ರಿ?"

"ನಡಕೊಂಡು."

"ಯಾರು ಕರಕೊಂಡು ಬಂದ್ರು?"

"ಯಾರಿಲ್ಲ."

ಅವಳ ಕಣ್ಣಂಚಿನಿಂದ ನೀರು ಇಳಿದು ಚಾಪೆಗೆ ಬಿತ್ತು. ಎಣ್ಣೆಯ ಘಾಟು ಇದ್ದೀತು.

ಹೆಂಗಸರು ಅವಳನ್ನು ಎಬ್ಬಿಸಿ ಕೂರಿಸಿ ಶುಂಠಿಯ ಬಿಸಿ ಕಷಾಯ ಕೊಟ್ಟರು. ಕೂತಲ್ಲೇ ಕೇಳಿದೆ, ಏನಾಯಿತೆಂದು. ದಾಲ್ಚಿನ್ನಿ ಆರಿಸುವಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದಳಂತೆ. ಅವಳಿಗೆ ತಿಳಿವು ಬಂದಾಗ ಬೂಟು ಬಿಚ್ಚಿ ಅಂಗಾಲು ತಿಕ್ಕುತ್ತಿದ್ದರಂತೆ. ನನ್ನ ಕಡೆ ಬೆರಳು ಮಾಡಿ ತೋರಿಸಿದ್ದು ಅವಳೇ.

"ಮುಂಜಾನೆ ಗುಡಿಯಾಗ ಕಂಬ ಹಿಡಿದಿ. ಅದೂ ಇದ?"

ಅವಳು ಕಷಾಯದ ಬಟ್ಟಲನ್ನು ತಿರುಗಿಸುತ್ತ ಕೂತಳು. "ಊರಾಗೂ ಎರಡ ಸಲ ಬಂದಿತ್ರಿ."

"ನನಗ್ಯಾಕ ಹೇಳಲಿಲ್ಲ?"

"ನಿಮಗ ಹೇಳಿದ್ರ ನೀವು ಹೆದರ್ತೀರಿ. ಆಮ್ಯಾಲೆ ನಿಮ್ಮನ್ನೂ ನಾನ ಸಂಭಾಳಿಸಬೇಕಲ್ರಿ."

ಬೈದು ಹೇಳಿದ ಮಾತಲ್ಲ ಅದು. ಮನೆಯಲ್ಲಿ ಉಪ್ಪು ತೀರಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು. ಇಷ್ಟು ವರ್ಷ ನನ್ನ ರಟ್ಟೆ ಹಿಡಿದವಳ ಕೈ ಯಾವಾಗ ನಡುಗಿತು, ಯಾವಾಗ ಇಲ್ಲ ಎಂದು ನಾನು ನೋಡಿರಲೇ ಇಲ್ಲ. ನಾನು ನೋಡುತ್ತಿದ್ದದ್ದು ರಸ್ತೆಯನ್ನು.

ಓದುವವರು ನನ್ನ ಹಾಗೆ ಗಾಬರಿಯಲ್ಲಿ ಕೂರುವುದು ಬೇಡ, ಆದ್ದರಿಂದ ಮುಂದಿನದನ್ನು ಇಲ್ಲೇ ಹೇಳುತ್ತೇನೆ. ಊರಿಗೆ ಬಂದ ಮೇಲೆ ಕೊಪ್ಪಳದಲ್ಲಿ ತೋರಿಸಿದೆವು. ರಕ್ತ ತೀರ ಕಡಿಮೆಯಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಎದೆಗೆ ತ್ರಾಸಾಗುತ್ತಿತ್ತು ಎಂದು ಡಾಕ್ಟರು ನನ್ನ ಕಡೆ ನೋಡಿ ಅಂದರು. ಈಗ ಗುಳಿಗೆ ನಡೆದಿವೆ, ಮುಖಕ್ಕೆ ಕಳೆ ಬಂದಿದೆ.

ಆದರೆ ಅಂದು ಆ ಅಂಗಡಿಯಲ್ಲಿ ಇದಾವುದೂ ಗೊತ್ತಿರಲಿಲ್ಲ. ಬಿಸಿಲು ಇಳಿಯುವವರೆಗೆ ಆ ಹೆಂಗಸರು ನಮ್ಮನ್ನು ಏಳಗೊಡಲಿಲ್ಲ. ನಾನು ಗಿರಿಜಾಳ ನಾಡಿ ಹಿಡಿದುಕೊಂಡೇ ಕೂತಿದ್ದೆ. ನಾಡಿ ನೋಡಲು ನನಗೆ ಬರುವುದಿಲ್ಲ. ಅದು ಬಡಿಯುತ್ತಿದೆಯೋ ಇಲ್ಲವೋ ಎಂಬುದಷ್ಟೇ ನನಗೆ ಬೇಕಾಗಿತ್ತು. ಹೊರಡುವಾಗ ಹಿರಿಯಾಕೆ ಎಣ್ಣೆಯ ಸಣ್ಣ ಶೀಶೆಯನ್ನು ಗಿರಿಜಾಳ ಮುಷ್ಟಿಯಲ್ಲಿ ಇಟ್ಟು, ನನ್ನ ಬೆನ್ನಿಗೊಂದು ಹೊಡೆದು, ಏನೋ ಅಂದಳು. ಅದನ್ನು ಫೋನಿನಲ್ಲಿ ಕನ್ನಡ ಮಾಡಿಸಿಕೊಳ್ಳುವ ಧೈರ್ಯ ನನಗಾಗಲಿಲ್ಲ.

ಸಂಜೆ

ಮಲ್ಲಿಕಾರ್ಜುನನ ಕಾರು ಬರುವುದು ಗುಡಿಯ ಹತ್ತಿರ. ಗುಡಿ ಇದ್ದದ್ದು ಕಾಫಿ ಮುದುಕಿಯ ಬದಿಯಲ್ಲಿ. ಕೆಲಸ ಬಿಟ್ಟವರೆಲ್ಲ ಮನೆಗೆ ಹೊರಟ ಹೊತ್ತು. ಮಧ್ಯಾಹ್ನಕ್ಕಿಂತ ಎರಡು ಪಟ್ಟು ಸ್ಕೂಟರು.

"ಟ್ಯಾಕ್ಸಿ ಕರೀರಿ," ಎಂದಳು ಗಿರಿಜಾ. "ಬಳಸಿಕೊಂಡು ಹೋಗೂಣು."

ನನಗೂ ಅದೇ ಬೇಕಾಗಿತ್ತು. ಕೈ ಎತ್ತಿ ನಿಂತೆ. ಟ್ಯಾಕ್ಸಿಗಳು ತುಂಬಿಕೊಂಡೇ ಬರುತ್ತಿದ್ದವು. ನಿಂತು ನಿಂತು ಅವಳ ಮುಖ ಮತ್ತೆ ಬಿಳಿಚಿಕೊಳ್ಳತೊಡಗಿತು. ನಾನು ಕೈ ಇಳಿಸಿದೆ. ಅವಳ ರಟ್ಟೆ ಹಿಡಿದೆ.

"ನಡಿ."

ಅವಳನ್ನು ಬಲಕ್ಕೆ ಹಾಕಿಕೊಂಡು ನಾನು ಎಡಕ್ಕಿದ್ದೆ, ಗಾಡಿ ಬರುವ ಕಡೆಗೆ. ಗಾಡಿಗಳ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಬೆನ್ನ ಮೇಲೆ ಬೆವರು ಇಳಿಯುವುದು ಗೊತ್ತಾಗುತ್ತಿತ್ತು. ನಡುವಿನ ಹಳದಿ ಗೆರೆ ಬಂದಾಗ ನಾನು ಅವಳ ಬೆನ್ನ ಹಿಂದಿನಿಂದ ಸರಿದು ಬಲಕ್ಕೆ ಬಂದೆ.

"ಏನ್ ನಡಸೀರಿ?" ಎಂದಳು.

"ಇನ್ನ ಗಾಡಿ ಈ ಕಡಿಂದ ಬರ್ತಾವ."

ಗಿರಿಜಾ ನನ್ನ ಕಡೆ ನೋಡಲಿಲ್ಲ. ಮುಂದೆ ನೋಡುತ್ತಲೇ, ಹೆಜ್ಜೆ ನಿಲ್ಲಿಸದೆ, ಹಾರ್ನುಗಳ ನಡುವೆ ನನಗಷ್ಟೇ ಕೇಳುವಂತೆ ಹೇಳಿದಳು:

"ಎರಡ ಸಲ ಅಲ್ರಿ. ಭಾಳ ಸಲ ಬಂದೈತಿ."

"ಹೇಳು," ಎಂದೆ.

ಅವಳು ಹೇಳತೊಡಗಿದಳು. ನಾವು ನಡೆಯುತ್ತಿದ್ದೆವು.